ತಣ್ಣಗಿದ್ದ ಚಾರ್ಜರ್

ನಡುಕೆರೆಯಲ್ಲಿ ದೋಣಿಯ ಮೋಟರ್ ಮತ್ತೆ ಪ್ರಾಣ ಬಿಟ್ಟಿತು. ವನಜಾಕ್ಷಿ ಸ್ವಿಚ್ಚನ್ನು ತಿರುಗಿಸಿ ತಿರುಗಿಸಿ ಸಾಕಾಗಿ, ಬ್ಯಾಟರಿಯ ಡಬ್ಬಕ್ಕೆ ಕಾಲಿನಿಂದ ಒದ್ದಳು. ಈ ವಾರದಲ್ಲಿ ಇದು ಮೂರನೆಯ ಸಲ. ದೋಣಿ ತುಂಬ ಮೀನು, ಏರಿಯ ಮೇಲೆ ಶಿರಾದಿಂದ ಬಂದು ಕಾಯುತ್ತಿದ್ದ ವ್ಯಾಪಾರಿ ಮಲ್ಲೇಶನ ಗಾಡಿ. ಬೇರೆ ದಾರಿ ಕಾಣದೆ ದಡದತ್ತ ತಿರುಗಿ, "ಅಪ್ಪಯ್ಯಾ!" ಎಂದು ಕೂಗಿದಳು.

ದೊಡ್ಡಹನುಮಯ್ಯ ತೆಪ್ಪ ಹಾಕಿಕೊಂಡು ಬಂದು, ಮಗಳ ದೋಣಿಗೆ ಹಗ್ಗ ಕಟ್ಟಿ ಎಳೆದು ತಂದ. ಏರಿಯ ಮೇಲೆ ಕೂತ ಸೋಮಾರಿಗಳಿಗೆ ಪುಕ್ಕಟೆ ನಾಟಕ. ದಡ ಮುಟ್ಟುವಷ್ಟರಲ್ಲಿ ಬಿಸಿಲೇರಿ ಮೀನು ಮೆತ್ತಗಾಗಿತ್ತು. ಮಲ್ಲೇಶ ಒಂದನ್ನು ಒತ್ತಿ ನೋಡಿ ಕೆಳಗಿಟ್ಟ.

"ನಾಳೆ ಒಂದಿನ ಬತ್ತೀನಿ ಕಣಮ್ಮ. ನಾಳೆನೂ ಇಂಗೇ ಆದ್ರೆ ಈ ಕೆರೆ ಕಡೆ ತಲೆ ಹಾಕಲ್ಲ."

ವನಜಾಕ್ಷಿ ಸಿಟ್ಟನ್ನೆಲ್ಲ ಫೋನಿನಲ್ಲಿ ಬ್ಯಾಟರಿ ಅಂಗಡಿಯ ಅಶ್ವತ್ಥನ ಮೇಲೆ ಕಾರಿದಳು. "ಎಂಥ ದರಿದ್ರ ಚಾರ್ಜರ್ ಕೂರಿಸಿದ್ದೀಯೋ ದೋಣೀಲಿ! ಬೆಳಿಗ್ಗೆ ನೋಡಿದ್ರೆ ಲೈಟ್ ಉರೀತಿರ್ತದೆ, ಅರ್ಧ ಕೆರೆಗೆ ಬ್ಯಾಟ್ರಿ ಖಾಲಿ!"

"ಲೈಟ್ ನೋಡ್ಬ್ಯಾಡಕ್ಕ, ಚಾರ್ಜರ್ ಮೇಲೆ ಕೈ ಇಟ್ ನೋಡು. ಬ್ಯಾಟ್ರಿ ತುಂಬ್ತಾ ಇದ್ರೆ ಅದು ಬಿಸಿ ಇರ್ಬೇಕು."

ಮಾರನೆಯ ದಿನ ಮಾಮೂಲಿಗಿಂತ ಮೊದಲೇ ಕೆರೆಗೆ ಹೋಗಿ ಚಾರ್ಜರ್ ಮೇಲೆ ಕೈಯಿಟ್ಟಳು. ತಣ್ಣಗಿತ್ತು. ಲೈಟೂ ಇರಲಿಲ್ಲ. ಅದರ ವೈರಿನ ಜಾಡು ಹಿಡಿದು ದಡದ ಪಂಪ್‌ಹೌಸಿಗೆ ನಡೆದರೆ, ಅಲ್ಲಿ ಅಪ್ಪ ಕಿತ್ತಿಟ್ಟಿದ್ದ ಪ್ಲಗ್ಗನ್ನು ಮತ್ತೆ ಸಿಕ್ಕಿಸುತ್ತಿದ್ದ. ಅವಳ ಮೈಯೆಲ್ಲ ಉರಿದುಹೋಯಿತು.

"ನೀನಾ! ಸಂಜೆ ನಾನು ಅತ್ಲಾಗ್ ಹೋಗ್ತಿದ್ದಂಗೆ ಕೀಳೋದು, ಬೆಳಿಗ್ಗೆ ಬರೋ ಮುಂಚೆ ಹಾಕೋದು! ಇವತ್ತು ಮಲ್ಲೇಶ ಬರಿಗೈಲಿ ಹೋದ್ರೆ ನನ್ನ ಮೀನು ಕೇಳೋರಿಲ್ಲ. ಹೆತ್ತ ಮಗಳ ಹೊಟ್ಟೆ ಮೇಲೆ ಹೊಡೀತೀಯಲ್ಲ, ಯಾಕೆ?"

ಮುದುಕ ತಲೆ ತಗ್ಗಿಸಲಿಲ್ಲ. ಅವನಿಗೂ ಸಿಟ್ಟು ಬಂದಿತ್ತು. "ಮೋಟ್ರು ಬಂದಾಗಿಂದ ನನ್ನ ಏರಿ ಮೇಲೆ ಕೂರಿಸ್ಬುಟ್ಟೆ. ಉಂಡ್ಯಾ ಅಂತೀಯ, ಮಲಿಕ್ಕೋ ಅಂತೀಯ. ಈ ಕೆರೆ ನಂಗೆ ಅಂಗೈ ಇದ್ದಂಗೆ. ಒಂದಿನನಾದ್ರೂ ಬಾ ಅಂದ್ಯಾ? ಅದು ನಿಂತಾಗ ಮಾತ್ರ ತಾನೇ ನೀನು ನನ್ನ ಕೂಗೋದು?"

ಅವಳ ಸಿಟ್ಟೇನೂ ಇಳಿದಿರಲಿಲ್ಲ. ಪೂರ್ವ ಕೆಂಪಗಾಗುತ್ತಿತ್ತು; ಇನ್ನು ಬ್ಯಾಟರಿ ತುಂಬುವಷ್ಟು ಹೊತ್ತಿಲ್ಲ. ವನಜಾಕ್ಷಿ ತೆಪ್ಪದ ಹುಟ್ಟನ್ನು ತಂದು ಅಪ್ಪನ ಎದೆಗೆ ಒತ್ತಿದಳು.

"ಇರೋ ಚಾರ್ಜು ವಾಪಸ್ ಬರಾಕೆ ಸಾಕು. ಬಲೆ ತಂಕ ದೋಣೀನ ನೀನೇ ಎಳಿ!"