ಬೂದಿ ಬಣ್ಣದ ರಾಶಿ

ತನ್ನ ಬಟ್ಟೆರಾಶಿಯೊಳಗೆ ಓರಗಿತ್ತಿಯ ಕೈ ಮತ್ತೆ ಹೋದದ್ದನ್ನು ದೊಡ್ಡಕ್ಕ ಕಂಡಳು. ಕಂಡೂ ಕಾಣದವಳಂತೆ ಮುಖ ತಿರುಗಿಸಿದಳು. ಕಳ್ಳರನ್ನು ಕೂಗಿ ಹಿಡಿಯಲಾಗದು, ಬಿಟ್ಟು ಹಿಡಿಯಬೇಕು.

ಹಳೆಯ ಉಣ್ಣೆಬಟ್ಟೆಗಳನ್ನು ಸೀಳಿ, ಹಿಂಜಿ, ಮತ್ತೆ ನೂಲು ಮಾಡುವ ಗಿರಣಿ ಅದು. ಅಲ್ಲಿ ಬಣ್ಣದ ತೊಟ್ಟಿಯೇ ಇಲ್ಲ. ಬೂದಿ ಬಣ್ಣದ ಸ್ವೆಟರುಗಳೆಲ್ಲ ಒಂದೆಡೆ ಬಿದ್ದರೆ ಬೂದಿ ನೂಲು, ಕೆಂಪೆಲ್ಲ ಒಂದೆಡೆ ಬಿದ್ದರೆ ಕೆಂಪು ನೂಲು; ಬಣ್ಣವೂ ಉಳಿಯಿತು, ಅದನ್ನು ತೊಳೆಯುವ ನೀರೂ ಉಳಿಯಿತು. ಹಾಗಾಗಿ ಇಡೀ ಗಿರಣಿ ನಿಂತದ್ದು ಬಟ್ಟೆ ಆರಿಸುವ ಹೆಂಗಸರ ಮೇಲೆ. ಅವರಿಗೆಲ್ಲ ಹಿರಿಯಳು ದೊಡ್ಡಕ್ಕ. ಇವಳು ಬೂದಿಯಲ್ಲೂ ನಾಲ್ಕು ಬಣ್ಣ ಹುಡುಕುತ್ತಾಳೆ ಎಂದು ಮೇಸ್ತ್ರಿ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ.

ಅದೇ ಮೇಸ್ತ್ರಿ ಹೋದ ತಿಂಗಳು ಮುಖ ಗಂಟಿಕ್ಕಿಕೊಂಡು ಬಂದ. ಬೂದಿ ನೂಲಿನಲ್ಲಿ ನೀಲಿ ಎಳೆ ಕಾಣಿಸಿ, ಕೊಂಡವರು ಸರಕನ್ನೇ ಹಿಂದಕ್ಕೆ ಕಳಿಸಿದ್ದರು. ಇನ್ನೊಮ್ಮೆ ಹೀಗಾದರೆ ಹಳೆ ಬಟ್ಟೆಯ ಗುಂಡಿ ಕತ್ತರಿಸುವ ಬೆಂಚಿಗೆ ಹೋಗಬೇಕಾದೀತು ಎಂದ. ಕೈಲಾಗದವರನ್ನು ಕೂರಿಸುವ ಬೆಂಚು ಅದು.

ಮಾರನೆಯ ದಿನವೇ ಓರಗಿತ್ತಿ, ಅಲ್ಲಿಯವರೆಗೆ ಮೂಟೆ ಹೊರುತ್ತಿದ್ದವಳು, ಮೇಸ್ತ್ರಿಯನ್ನು ಕಾಡಿ ಬೇಡಿ ದೊಡ್ಡಕ್ಕನ ಪಕ್ಕದಲ್ಲಿ ಬಂದು ಕೂತಳು.

"ನನ್ನ ಜಾಗದ ಮೇಲೆ ಕಣ್ಣು ಬಿತ್ತೇನೇ?"

"ನಿಮ್ಮ ಜಾಗ ನಿಮಗೇ ಇರ್ಲಿ ಅಂತಾನೇ ಬಂದೆ ಅಕ್ಕ."

ನಾಲಿಗೆಯ ತುದಿಯಲ್ಲಿ ಜೇನು. ದೊಡ್ಡಕ್ಕ ನಂಬಲಿಲ್ಲ. ಮನೆಯಲ್ಲೂ ಇವಳದು ಅದೇ ಆಟ. ಸೂಜಿಗೆ ದಾರ ಪೋಣಿಸಲು ಕೂತರೆ ಕೈಯಿಂದ ಕಿತ್ತುಕೊಂಡು ತಾನೇ ಪೋಣಿಸುವಳು. ಮೂಟೆ ಹೊರುವಾಗ ರಾಶಿಗೆ ನೀಲಿ ತುರುಕಿದವಳೂ ಇವಳೇ ಇರಬೇಕು. ಕಿಟಕಿಯ ಗಾಜನ್ನಾದರೂ ಯಾರೂ ಒರೆಸುವುದಿಲ್ಲ. ಆ ಮಬ್ಬಿನಲ್ಲಿ ಏನು ಮಾಡಿದರೂ ನಡೆದೀತು.

ಓರಗಿತ್ತಿ ಮತ್ತೆ ಕೈಚಾಚಿದಳು. ಒಂದು ಸ್ವೆಟರನ್ನು ಮೆಲ್ಲನೆ ಎಳೆದು ತೊಡೆಯಡಿಗೆ ಸೇರಿಸುವಷ್ಟರಲ್ಲಿ ದೊಡ್ಡಕ್ಕ ಅವಳ ಮಣಿಕಟ್ಟು ಹಿಡಿದೇಬಿಟ್ಟಳು. ಸ್ವೆಟರು ಕಿತ್ತುಕೊಂಡಳು.

"ಒಳ್ಳೆ ಬೂದಿ ಬಣ್ಣದ್ದು ಕದ್ದು, ನನ್ನ ರಾಶಿಗೆ ನೀಲಿ ತುರುಕ್ತೀಯ? ಇರು, ಮೇಸ್ತ್ರೀನ ಕರೀತೀನಿ."

ಆಚೆ ತುದಿಯಲ್ಲಿದ್ದ ಮೇಸ್ತ್ರಿ ತಲೆಯೆತ್ತಿ ಇತ್ತ ನೋಡಿದ. ಓರಗಿತ್ತಿ ಕೈ ಬಿಡಿಸಿಕೊಳ್ಳಲಿಲ್ಲ. ಹಿಂಜುವ ಯಂತ್ರದ ಸದ್ದಿನಲ್ಲಿ ಇನ್ನಾರಿಗೂ ಕೇಳದ ಹಾಗೆ ಕಿವಿಯ ಹತ್ತಿರ ಬಾಯಿ ತಂದಳು.

"ಮೆಲ್ಲಗೆ ಅಕ್ಕ. ನಿಮ್ಮ ಕೈಲಿರೋದೇ ನೀಲಿ."