ಎರಡು ಸಂಬಳದ ಚೀಟಿ

ಬೇಸಿಗೆ ಮುಗಿಯುತ್ತಿದ್ದ ದಿನಗಳು, ಬೆಳಗಿನ ಎಂಟು ಗಂಟೆ. ಆಸ್ಪತ್ರೆಯ ಆಯಾ ನೆಲ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, ಆಗಷ್ಟೇ ಕೈಗೆ ಬಂದ ಸಂಬಳದ ಚೀಟಿ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಅವಳ ಮಗಳು, ನರ್ಸಿಂಗ್ ಕಾಲೇಜಿನ ಅರ್ಜಿಯೊಂದಿಗೆ. ಸೇರಬೇಕೆಂದರೆ ಬ್ಯಾಂಕಿನಲ್ಲಿ ಹತ್ತು ವರ್ಷ ತೀರಿಸುವಷ್ಟು ಸಾಲ ಮಾಡಬೇಕಿತ್ತು.

“ಸಿಸ್ಟರ್, ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ಸಾಲ ತೀರಿಸೋಷ್ಟು ಸಂಬಳ ಬರುತ್ತಾ?” ಎಂದಳು ಮಗಳು.

ರಾತ್ರಿ ಪಾಳಿ ಮುಗಿಸಿ ಹೊರಟಿದ್ದ ಸಿಸ್ಟರ್ ನಕ್ಕು, ತನ್ನ ಚೀಟಿಯನ್ನು ಆಯಾಳ ಕೈಗಿಟ್ಟಳು. “ನೀವೇ ನೋಡಿ ಹೇಳಿ ಆಯಮ್ಮಾ. ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀರಿ?”

ಆಯಾಳಿಗೆ ಅಕ್ಷರ ಅಷ್ಟಕ್ಕಷ್ಟೆ, ಅಂಕಿ ಮಾತ್ರ ಚೆನ್ನಾಗಿ ಬರುತ್ತಿತ್ತು. ಹಿಂದಿನ ಕಾಲದಲ್ಲೇ ಕೆಲಸ ಕಾಯಂ ಆಗಿದ್ದ ತನಗೆ ಈಗ ಬರುವ ಸಂಬಳದ ಅರ್ಧವೂ ಗುತ್ತಿಗೆಯ ಮೇಲಿದ್ದ ಸಿಸ್ಟರ್ ಚೀಟಿಯಲ್ಲಿರಲಿಲ್ಲ. ಓದಿನ ಸಾಲದ ಕಂತು ಬೇರೆ ಮುರಿದುಕೊಂಡಿದ್ದರು. ಆದರೆ ಇಪ್ಪತ್ತೆಂಟು ವರ್ಷ ಎಲ್ಲರೂ ಆಯಾಳನ್ನು “ಏ, ಬಕೆಟ್ ತಗೊಂಡು ಬಾರೇ” ಎಂದೇ ಕರೆದಿದ್ದರು. ಮೊನ್ನೆ ಬಂದ ಈ ಹುಡುಗಿಯನ್ನು ದೊಡ್ಡ ಡಾಕ್ಟರೂ “ಬನ್ನಿ ಸಿಸ್ಟರ್” ಎನ್ನುತ್ತಿದ್ದರು.

“ಎಷ್ಟಿದೆಯಮ್ಮಾ?”

ಆಯಾ ಎರಡೂ ಚೀಟಿ ಮಡಿಸಿದಳು. ಒಂದನ್ನು ಸಿಸ್ಟರ್ ಜೇಬಿಗೆ ತುರುಕಿ, ತನ್ನದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ನನ್ನದರ ಎರಡರಷ್ಟಿದೆ ಕಣೇ. ಸುಮ್ನೆ ಸಹಿ ಹಾಕು.”

ಸಿಸ್ಟರ್ ಏನೋ ಹೇಳಲು ಬಾಯಿ ತೆರೆದಳು. ಆಯಾ ದುರುಗುಟ್ಟಿ ನೋಡಿದ್ದೇ ಚೀಲ ಹೆಗಲಿಗೇರಿಸಿಕೊಂಡು ಹೊರಟಳು. ಮಗಳು ಕಿಟಕಿಯ ಕಟ್ಟೆಯ ಮೇಲೆ ಅರ್ಜಿ ಇಟ್ಟು ಸಹಿ ಹಾಕಿದಳು.

ಸಾಲ ಮಂಜೂರಾಗಿ ಮಗಳು ಕಾಲೇಜಿಗೆ ಹೊರಟಿದ್ದು ಒಂದು ಸೋಮವಾರ. ಅದಕ್ಕೆ ಎರಡು ದಿನ ಮೊದಲು, ಶನಿವಾರ, ಸಿಸ್ಟರ್ ಆಸ್ಪತ್ರೆ ಬಿಟ್ಟು ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸಕ್ಕೆ ಹೊರಟುಹೋಗಿದ್ದಳು.