ಮುಷ್ಟಿಗೆ ಒಗ್ಗುವ ಚಿಲಕ

ಒಂದಾನೊಂದು ಮನೆಯಲ್ಲಿ ಗೋಡೆಯೊಳಗೆ ಸರಿದು ಅಡಗುವ ಬಚ್ಚಲಿನ ಬಾಗಿಲಿತ್ತು. ಅದು ಎಲ್ಲರ ಮಾತು ಕೇಳುತ್ತಿತ್ತು, ವಾತದಿಂದ ಬೆರಳು ಮಡಚಿಹೋದ ಕಾಂತಿ ಅಜ್ಜಿಯ ಮಾತನ್ನು ಮಾತ್ರ ಕೇಳುತ್ತಿರಲಿಲ್ಲ. ಅದರ ಗುಂಡು ಚಿಲಕ ತಿರುಗಿಸಲು ಎರಡು ಬೆರಳಾದರೂ ಬೇಕಿತ್ತು. ನಾಳೆ ಮನೆ ತುಂಬ ನೆಂಟರು. ಚಿಲಕ ಹಾಕಲಾಗದ ನಾಚಿಕೆಗೆ ಅಜ್ಜಿ ಇವತ್ತಿನಿಂದಲೇ ನೀರು ಕುಡಿಯುವುದನ್ನು ಬಿಟ್ಟಿದ್ದರು. "ಸಂಜೆಯೊಳಗೆ ಬೇರೆ ಚಿಲಕ ಹಾಕಿಸ್ತೇನೆ" ಎಂದು ಮಾತು ಕೊಟ್ಟು ಬಂದ ಮೊಮ್ಮಗಳು ಜ್ಯೋತ್ಸ್ನಾ, ಮಡಂತ್ಯಾರು ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಮುಷ್ಟಿ ಬಿಗಿದು ಒಂದೊಂದೇ ಚಿಲಕವನ್ನು ಒತ್ತಿ ನೋಡುತ್ತಿದ್ದಳು.

"ಎಂತ ಮಾರಾಯ್ರೆ, ಚಿಲಕದ ಹತ್ತಿರ ಜಗಳವಾ?" ಅಂಗಡಿಯ ಶಮೀರ್ ನಕ್ಕ.

"ಅಜ್ಜಿಯ ಕೈ ಹೀಗೇ ಇರುವುದು."

ಶಮೀರ್ ನಗು ನಿಲ್ಲಿಸಿ ಉದ್ದ ಹಿಡಿಯ ಚಿಲಕವೊಂದನ್ನು ತಂದಿಟ್ಟ. ಮುಷ್ಟಿಯಿಂದ ತಟ್ಟಿದರೆ ಸಾಕು, ಕೊಕ್ಕೆ ಬೀಳುತ್ತಿತ್ತು. "ಆದ್ರೆ ಈ ಹಿಡಿ ಗೋಡೆಯೊಳಗೆ ಹೋಗುವುದಿಲ್ಲ. ಬಾಗಿಲು ನಾಲ್ಕು ಬೆರಳು ಹೊರಗೇ ನಿಲ್ತದೆ. ಚಂದ ಇಲ್ಲ ಅಂತ ಮತ್ತೆ ಹೇಳ್ಬೇಡಿ."

"ನಿಲ್ಲಲಿ. ಅಜ್ಜಿ ಒಳಗೆ ಬಿದ್ದರೆ?"

"ಹೊರಗಿಂದ ಈ ಸೀಳಿಗೆ ನಾಣ್ಯ ಹಾಕಿ ತಿರುಗಿಸಿದ್ರೆ ತೆಗೀಲಿಕ್ಕೆ ಆಗ್ತದೆ."

ಸಂಜೆ ಬಡಗಿ ಕೊನೆಯ ಸ್ಕ್ರೂ ಬಿಗಿದು ಹೋದ. ಅಜ್ಜಿ ಒಳಗೆ ಹೋಗಿ ಬಾಗಿಲು ಸರಿಸಿದರು. ಜ್ಯೋತ್ಸ್ನಾ ಎಂದಿನಂತೆ, ಯಾರೂ ತೆರೆಯದ ಹಾಗೆ, ಹೊರಗಿನಿಂದ ಅದನ್ನು ಹಿಡಿದು ನಿಂತಳು. ಒಳಗೆ ಹಿಡಿ ತಟ್ಟಿದ ಸದ್ದು, ಮತ್ತೊಮ್ಮೆ ತಟ್ಟಿದ ಸದ್ದು. ಚಿಲಕ ಬೀಳಲಿಲ್ಲ. ತಪ್ಪು ಚಿಲಕ ತಂದೆನೇನೋ ಎಂದು ಅವಳು ಬಾಗಿಲನ್ನು ಇನ್ನೂ ಬಿಗಿಯಾಗಿ ಹಿಡಿದಳು.

"ಬಾಗಿಲು ಬಿಡು ಮಗಾ!" ಅಜ್ಜಿ ಒಳಗಿನಿಂದ ಗದರಿದರು. "ನೀನು ಎಳೆದು ಹಿಡಿದರೆ ಕೊಕ್ಕೆ ಕೂರುವುದು ಹೇಗೆ?"

ಅವಳು ಕೈ ತೆಗೆದಳು. ಟಕ್ಕೆಂದು ಚಿಲಕ ಬಿತ್ತು.